ಆರದ ಉರಿಯೂತ

ಮುಳ್ಳು ಚುಚ್ಚಿದ ಬೆರಳು ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಮನೆಯಲ್ಲಿ ನಾವು ಇದಕ್ಕೆ 'ಸೂಜನ್' ಎನ್ನುತ್ತೇವೆ, ಅಂದರೆ ಬರೀ ಊತ. ಕನ್ನಡದ 'ಉರಿಯೂತ' ಇನ್ನೂ ಸರಿಯಾದ ಪದ. ಅದರಲ್ಲಿ ಉರಿಯೂ ಇದೆ, ಊತವೂ ಇದೆ.

ಉರಿಯೂತ ರೋಗವಲ್ಲ, ಕಾವಲು. 1882ರಲ್ಲಿ ಇಲ್ಯಾ ಮೆಚ್ನಿಕೋವ್ ಎಂಬ ವಿಜ್ಞಾನಿ ಇಟಲಿಯ ಮೆಸ್ಸೀನಾದಲ್ಲಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿದರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. ಈ ದಾರಿಯ ಸಂಶೋಧನೆಗೆ 1908ರಲ್ಲಿ ಅವರಿಗೆ ನೊಬೆಲ್ ಬಂತು.

ಅಂಥ ಕೋಶಗಳಲ್ಲಿ ಒಂದು ಮ್ಯಾಕ್ರೊಫೇಜ್. ರೋಗಾಣುವನ್ನು ನುಂಗುವುದು, ಟಿಎನ್‌ಎಫ್‌ನಂಥ ರಾಸಾಯನಿಕ ಬಿಟ್ಟು ಬೇರೆ ಕೋಶಗಳನ್ನು ಕರೆಯುವುದು ಅದರ ಮೊದಲ ಕೆಲಸ. ಆಮೇಲೆ ಕಸ ಗುಡಿಸಿ, ಗಾಯ ಮಾಯಲು ಸಹಾಯ ಮಾಡಬೇಕು. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಖಾತೆ ಕ್ಲೋಸ್ ಮಾಡಬೇಕು. ಕ್ಲೋಸ್ ಆಗದೆ ವರ್ಷಗಟ್ಟಲೆ ಖರ್ಚು ನಡೆದರೆ ಅದೇ ದೀರ್ಘಕಾಲದ ಉರಿಯೂತ.

ರುಮಟಾಯ್ಡ್ ಸಂಧಿವಾತದಲ್ಲಿ ಹೀಗೇ ಆಗುತ್ತದೆ. ರಕ್ಷಣಾ ಕೋಶಗಳು ನಮ್ಮ ಕೀಲಿನ ಒಳಪೊರೆಯನ್ನೇ ಶತ್ರು ಎಂದುಕೊಳ್ಳುತ್ತವೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ಬಿಟ್ಟರೆ ಮೂಳೆಯೂ ಸವೆಯುತ್ತದೆ. ಕಮಲಾಪುರದ ಕಡೆ ಹಿರಿಯರು ಇದನ್ನೂ 'ವಾಯು' ಎಂದುಬಿಡುತ್ತಾರೆ. ಕಲಬುರಗಿಯ ಬಸ್ ಹತ್ತಿ ಡಾಕ್ಟರ ಬಳಿ ಹೋಗುವ ಬದಲು ಕೇಳಿದ ಗುಳಿಗೆ ತಂದು ನುಂಗುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಎರಡೇ ದಿನದಲ್ಲಿ ಆರಾಮ. ಆದರೆ ವರ್ಷಗಟ್ಟಲೆ ನುಂಗಿದರೆ ಮೂಳೆ ಟೊಳ್ಳಾಗುತ್ತದೆ, ಶುಗರ್ ಏರುತ್ತದೆ. ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಯಾಕೆಂದರೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ.

ಈ ಕಾಯಿಲೆಗೆ ವೈದ್ಯರು ಹೆಚ್ಚಾಗಿ ಬರೆಯುವ ಔಷಧ ಮೆಥೊಟ್ರೆಕ್ಸೇಟ್. ಇದರ ಹಿಂದೆ ಪಕ್ಕದ ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಇದ್ದಾರೆ. ಅಮೆರಿಕದ ಲೆಡರ್ಲಿ ಕಂಪನಿಯಲ್ಲಿ ಅವರ ತಂಡ ಫೋಲಿಕ್ ಆಸಿಡ್ ತಯಾರಿಸಿತು. ಅದನ್ನೇ ಹೋಲುವ, ಅದರ ಕೆಲಸ ತಡೆಯುವ ಔಷಧಗಳನ್ನೂ ಮಾಡಿತು. ಮೊದಲು ಅವು ರಕ್ತದ ಕ್ಯಾನ್ಸರ್‌ಗೆ ಬಳಕೆಯಾದವು. ಕಡಿಮೆ ಪ್ರಮಾಣದಲ್ಲಿ ಮೆಥೊಟ್ರೆಕ್ಸೇಟ್ ರಕ್ಷಣಾ ಕೋಶಗಳ ಸಿಟ್ಟನ್ನು ಇಳಿಸುತ್ತದೆ. ಇಂಥ ಹೆಸರು ನಮ್ಮ ಪಠ್ಯಪುಸ್ತಕದಲ್ಲಿ ಕಾಣುವುದಿಲ್ಲ ಎಂಬುದು ನನ್ನ ದೂರು.

ಈ ಗುಳಿಗೆ ವಾರಕ್ಕೆ ಒಂದೇ ದಿನ. ಬಿಪಿ ಗುಳಿಗೆಯಂತೆ ದಿನಾಲೂ ನುಂಗಿದರೆ ಮೂಳೆಮಜ್ಜೆ ಕೆಟ್ಟು ಸಾವು ಬರಬಹುದು. ಚೀಟಿಯೂ ಪಟ್ಟಿಯೂ ಇಂಗ್ಲಿಷಿನಲ್ಲಿರುತ್ತವೆ, ಮನೆಯಲ್ಲಿ ಅದನ್ನು ಓದುವವರು ನಾವೇ. ಡಾಕ್ಟರು ಹೇಳಿದ ವಾರವನ್ನು ಪಟ್ಟಿಯ ಮೇಲೆ ಕನ್ನಡದಲ್ಲೋ ಉರ್ದುವಿನಲ್ಲೋ ದಪ್ಪಗೆ ಬರೆಯಬಹುದು. ಶುಕ್ರವಾರವಾದರೆ ಅಜ್ಜಿಯರಿಗೆ ನೆನಪಿಡುವುದು ಸುಲಭ, ಜುಮ್ಮಾ ಯಾರೂ ಮರೆಯುವುದಿಲ್ಲ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಬೇರೆ ದಿನಕ್ಕೆ. ಎರಡೂ ಹಲವು ಸಲ ಸಣ್ಣ ಹಳದಿ ಗುಳಿಗೆಗಳೇ ಆಗಿರುವುದರಿಂದ ಬೇರೆ ಬೇರೆ ಡಬ್ಬಿಯಲ್ಲಿಡಿ.