ಅಂಟುವಾಳದ ನೊರೆ: ಮನೆಯಲ್ಲೇ ಅಗ್ಗದ ಮಾರ್ಜಕ

ರೇಷ್ಮೆ ಸೀರೆ ತೊಳೆಯಲು ಹಿಂದಿನಿಂದಲೂ ಬಳಕೆಯಲ್ಲಿರುವ ಅಂಟುವಾಳ ಕಾಯಿ ಪಾತ್ರೆ, ನೆಲಗಳಿಗೂ ಸೂಕ್ತ ಮಾರ್ಜಕ. ಸಿಪ್ಪೆಯಲ್ಲಿರುವ ಸಪೋನಿನ್ ನೀರಿನಲ್ಲಿ ನೊರೆಗಟ್ಟಿ ಜಿಡ್ಡನ್ನು ಬಿಡಿಸುತ್ತದೆ.

ಬೀಜ ತೆಗೆದ 10-12 ಕಾಯಿಗಳನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಗ್ಗೆ 20 ನಿಮಿಷ ಕುದಿಸಿ, ಆರಿದ ನಂತರ ಕಿವುಚಿ ಸೋಸಿದರೆ ದ್ರಾವಣ ಸಿದ್ಧ. ಇದು ಬೇಗ ಹುಳಿಯುವುದರಿಂದ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಬಳಸಬೇಕು. ಕಣ್ಣಿಗೆ ತಾಗಿದರೆ ಉರಿಯುತ್ತದೆ.

ಹಿತ್ತಾಳೆ, ತಾಮ್ರದ ಕಿಲುಬಿಗೆ ಹುಣಸೆಹಣ್ಣಿನ ಆಮ್ಲವೇ ಸಾಕು. ಆದರೆ ನೈಸರ್ಗಿಕವೆಂದು ಎಲ್ಲವನ್ನೂ ಬೆರೆಸುವುದು ಸಲ್ಲದು. ವಿನೆಗರ್, ಅಡುಗೆ ಸೋಡಾ ಒಂದಾದರೆ ಎರಡೂ ಗುಣ ಕಳೆದುಕೊಳ್ಳುತ್ತವೆ. ಬ್ಲೀಚಿಂಗ್ ಪುಡಿಗೆ ವಿನೆಗರ್ ಅಥವಾ ನಿಂಬೆರಸ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಕಿಟಕಿ ಮುಚ್ಚಿದ ಸ್ನಾನಗೃಹದಲ್ಲಿ ಇದು ಪ್ರಾಣಕ್ಕೇ ಅಪಾಯ ತರಬಲ್ಲದು.