ಕಟ್ಟುವುದೋ, ಕೇಳುವುದೋ?

ಕಳ್ಳನಿಗೆ ಅಂಜದ ಗೃಹಸ್ಥನೂ ಪೊಲೀಸರ ಕಾಗದಕ್ಕೆ ಅಂಜುತ್ತಾನೆ. ಮೂವತ್ತನಾಲ್ಕು ವರ್ಷ ನೌಕರಿ ಮಾಡಿ, ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ ನಿವೃತ್ತನಾದವನು ನಾನು. ಅಂಥವನ ಮನೆಗೆ 2022ರ ಜೂನ್ ತಿಂಗಳ ಒಂದು ಬೆಳಗ್ಗೆ ಅಂಚೆಯವನು ಒಂದು ನೋಟೀಸನ್ನು ತಂದುಕೊಟ್ಟ. ನಮ್ಮ ಸ್ಕೂಟರನ್ನು ಹೆಲ್ಮೆಟ್ ಇಲ್ಲದೆ ನಡೆಸಲಾಗಿದೆಯೆಂದೂ, ಅದಕ್ಕಾಗಿ 500 ರೂಪಾಯಿ ದಂಡ ತೆರತಕ್ಕದ್ದೆಂದೂ ಅದರಲ್ಲಿ ನಮೂದಾಗಿತ್ತು.

ಓದಿದೊಡನೆಯೇ ಮೈಯೆಲ್ಲ ಬಿಸಿಯಾಯಿತು. ಹೆಲ್ಮೆಟ್ ಇಲ್ಲದೆ ನಾನು ಬೀದಿಯ ಕೊನೆಯ ಹಾಲಿನ ಬೂತಿಗೂ ಹೋದವನಲ್ಲ. ಮನೆಯವರೆಲ್ಲರೂ ನಡುಮನೆಯಲ್ಲಿ ನೆರೆದರು. ಸಭೆ ಕರೆಯದೆಯೇ ಸೇರಿತು.

"ಐನೂರು ರೂಪಾಯಿ ತಾನೇ? ಕಟ್ಟಿ ಬಂದುಬಿಡಿ. ಠಾಣೆ, ಕೋರ್ಟು ಎಂದು ಅಲೆದರೆ ಆಟೋದವನಿಗೇ ಅಷ್ಟಾಗುತ್ತದೆ" ಎಂದಳು ನಮ್ಮ ಮನೆಯಾಕೆ. ಆಕೆಯ ಲೆಕ್ಕದಲ್ಲಿ ಮನಶ್ಶಾಂತಿಗೆ ಕೊಡುವ ಹಣ ಎಂದೂ ದುಂದುವೆಚ್ಚವಲ್ಲ.

ಪತ್ರಿಕೆಯನ್ನು ಹಿಂದಿರುಗಿಸಲು ಬಂದಿದ್ದ ಪಕ್ಕದ ಮನೆಯ ರಾಯರು ಬೇರೊಂದು ದಾರಿಯನ್ನೇ ತೋರಿಸಿದರು. "ಕಟ್ಟಲೂ ಬೇಡಿ, ಕೇಳಲೂ ಬೇಡಿ, ಸುಮ್ಮನಿದ್ದುಬಿಡಿ. ನನ್ನ ಕಾರಿನ ಮೇಲೆ ಆರು ನೋಟೀಸುಗಳಿವೆ. ಇದುವರೆಗೆ ಯಾರಾದರೂ ಬಾಗಿಲು ತಟ್ಟಿದ್ದಾರೆಯೇ?"

ನಾನು ಮಾತ್ರ, "ಮಾಡದ ತಪ್ಪಿಗೆ ಒಂದು ಕಾಸನ್ನೂ ಕೊಡೆ. ಸುಪ್ರೀಂ ಕೋರ್ಟಿನವರೆಗೂ ಹೋಗುತ್ತೇನೆ" ಎಂದು ಗರ್ಜಿಸಿದೆ.

ಆಗತಾನೇ ಹದಿನೆಂಟು ತುಂಬಿ, ಸ್ಕೂಟರ್ ಕಲಿಯುವ ಲೈಸೆನ್ಸಿಗಾಗಿ ಅರ್ಜಿ ಹಾಕಿದ್ದ ಮೊಮ್ಮಗಳು ಮಾತ್ರ ಮೆಲ್ಲಗೆ ಹೇಳಿದಳು: "ತಾತ, ಮೊದಲು ಫೋಟೋ ನೋಡೋಣ."

ನಾಲ್ವರಲ್ಲಿ ಬುದ್ಧಿಯ ಮಾತನ್ನಾಡಿದವಳು ಅವಳೊಬ್ಬಳೇ. ವಾಚಕರೇ, ಇಂಥ ಕಾಗದ ನಿಮ್ಮ ಮನೆಗೂ ಬಂದೀತು. ಆಗ ಕೋಪ, ಭಯ, ಔದಾಸೀನ್ಯಗಳಲ್ಲಿ ಯಾವುದಕ್ಕೂ ಎಡೆಗೊಡುವ ಮುನ್ನ ಚಿತ್ರವನ್ನು ನೋಡಿರಿ. ಕ್ಯಾಮೆರಾ ಸಾಕ್ಷಿ ಹೇಳುವ ಪ್ರಕರಣಗಳಿಗಾಗಿಯೇ 2021ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 167ಎ ಎಂಬ ಹೊಸ ನಿಯಮವನ್ನು ಸೇರಿಸಲಾಯಿತು. ತಪ್ಪು ಯಾವುದೆಂಬುದನ್ನೂ ವಾಹನದ ಸಂಖ್ಯೆಯನ್ನೂ ಸ್ಪಷ್ಟವಾಗಿ ತೋರಿಸುವ ಚಿತ್ರ, ನಡೆದ ದಿನ, ವೇಳೆ, ಸ್ಥಳ, ಮೀರಲಾದ ಕಾನೂನಿನ ಕಲಂ, ಇವೆಲ್ಲವೂ ನೋಟೀಸಿನಲ್ಲಿರಬೇಕೆಂದು ಅದು ವಿಧಿಸಿತು. ಸಾಕ್ಷ್ಯವನ್ನು ನೋಡುವುದು ನಮ್ಮ ಹಕ್ಕು. ಯಾರೋ ತೋರುವ ದಾಕ್ಷಿಣ್ಯವಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈಚೆಗೆ ಮೋಸಗಾರರು ಇಂಥ ನೋಟೀಸುಗಳನ್ನೇ ಅನುಕರಿಸಿ ಮೊಬೈಲಿಗೆ ಸಂದೇಶ ಕಳುಹಿಸಿ, ಅದರಲ್ಲಿರುವ ಕೊಂಡಿಯನ್ನು ಒತ್ತಿಸಿ ಬ್ಯಾಂಕಿನ ಹಣವನ್ನು ಲಪಟಾಯಿಸುತ್ತಿದ್ದಾರೆ. ಆದಕಾರಣ ಸಂದೇಶದಲ್ಲಿ ಬಂದ ಕೊಂಡಿಯನ್ನು ಮುಟ್ಟಲೇಬಾರದು. ಸರ್ಕಾರದ ಜಾಲತಾಣವನ್ನು ನಾವೇ ತೆರೆದು, ವಾಹನದ ಸಂಖ್ಯೆಯನ್ನು ನಾವೇ ಬರೆದು ನೋಡಬೇಕು. ಮೊಮ್ಮಗಳೂ ಹಾಗೆಯೇ ಮಾಡಿದಳು.

ಎರಡು ಚಿತ್ರಗಳು

ಪರದೆಯ ಮೇಲೆ ಚಿತ್ರ ಮೂಡಿತು. ಮೋಟಾರ್ ಸೈಕಲ್ಲಿನ ಮೇಲೆ ಇಬ್ಬರು ತರುಣರು. ಇಬ್ಬರ ತಲೆಯೂ ಬೋಳು ಬಯಲು. ನಮ್ಮದು ಸ್ಕೂಟರು, ಅದೂ ಬಿಳಿಯ ಬಣ್ಣದ್ದು. ನಮ್ಮ ವಾಹನದ ಕೊನೆಯ ಅಂಕಿ 3. ಚಿತ್ರದಲ್ಲಿದ್ದುದು 8, ಕೆಸರು ಮೆತ್ತಿ ಅದರ ಎಡಭಾಗ ಮರೆಯಾಗಿತ್ತು. ಯಂತ್ರದ ಕಣ್ಣು ಎಂಟನ್ನು ಮೂರೆಂದು ಓದಿತ್ತು.

"ನೋಡಿದೆಯಾ?" ಎಂದು ನಾನು ಮನೆಯಾಕೆಯ ಕಡೆಗೆ ತಿರುಗಿದೆ. ಆ ಕ್ಷಣದಲ್ಲಿ ನನ್ನ ಮೀಸೆ ತಾನಾಗಿಯೇ ಮೇಲಕ್ಕೇರಿದ್ದರೆ ಆಶ್ಚರ್ಯವಿಲ್ಲ.

"ತಾತ, ಕೆಳಗೆ ಇನ್ನೊಂದು ಇದೆ" ಎಂದಳು ಮೊಮ್ಮಗಳು.

ಇನ್ನೊಂದರ ಕಾಗದ ನಮ್ಮ ಕೈಗೆ ಬಂದಿರಲೇ ಇಲ್ಲ. ಮೂರು ವಾರಗಳ ಹಿಂದಿನ ಸಂಜೆ. 6 ಗಂಟೆ 42 ನಿಮಿಷ. ವೃತ್ತದಲ್ಲಿ ಕೆಂಪು ದೀಪ ಉರಿಯುತ್ತಿದೆ. ಬಿಳಿಯ ಸ್ಕೂಟರೊಂದು ನಿಲುಗಡೆಯ ಗೆರೆಯನ್ನು ದಾಟಿ ಮುಂದಕ್ಕೆ ಹೋಗಿದೆ. ಸಂಖ್ಯೆಯ ಅಂಕಿಗಳೆಲ್ಲವೂ ಸ್ಪಷ್ಟ. ನಡೆಸುತ್ತಿರುವವನ ಬೆನ್ನು ನನ್ನದೇ. ಹಿಂದೆ ಕುಳಿತವಳು, ಈಗ ನನ್ನ ಪಕ್ಕದಲ್ಲಿ ನಿಂತು ಪರದೆಯನ್ನು ನೋಡುತ್ತಿದ್ದವಳೇ.

"ಆಗ ಹಳದಿ ಇತ್ತು" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವಳು ಏನನ್ನೂ ಹೇಳಲಿಲ್ಲ. ಟ್ಯೂಷನ್ನಿಗೆ ಹೊತ್ತಾಯಿತೆಂದು ಆ ದಿನ ನಾವಿಬ್ಬರೂ ಅವಸರದಲ್ಲಿದ್ದೆವು.

ವಕೀಲರ ಮಾತು

ಸಂಜೆ ಎರಡನ್ನೂ ಹಿಡಿದು ವಕೀಲ ಮಿತ್ರರಲ್ಲಿಗೆ ಹೋದೆವು. ಅವರು ಕಾಫಿ ತರಿಸಿ, ಕನ್ನಡಕ ಒರೆಸಿಕೊಂಡು, ಶಾಲೆಯ ಮೇಷ್ಟರಂತೆ ವಿವರಿಸತೊಡಗಿದರು.

"ಜನ ದಂಡವನ್ನು ಬಸ್ಸಿನ ಚೀಟಿಯಂತೆ ತಿಳಿಯುತ್ತಾರೆ, ಕಾಸು ಕೊಟ್ಟರೆ ಮುಗಿಯಿತೆಂದು. ಅದು ಹಾಗಲ್ಲ. 1988ರ ಮೋಟಾರು ವಾಹನ ಕಾಯಿದೆಯ 200ನೆಯ ಕಲಂ ಪ್ರಕಾರ, ನ್ಯಾಯಾಲಯಕ್ಕೆ ಹೋಗದೆ ಗೊತ್ತಾದ ಮೊತ್ತವನ್ನು ಕಟ್ಟಿ ರಾಜಿ ಮಾಡಿಕೊಳ್ಳಬಹುದು. ಆದರೆ 2019ರ ತಿದ್ದುಪಡಿಯಾದ ಮೇಲೆ, ಹಾಗೆ ಕಟ್ಟಿದ ತಪ್ಪೂ ಲೆಕ್ಕದಲ್ಲಿ ಉಳಿಯುತ್ತದೆ. ಮುಂದೆ ಅದೇ ತಪ್ಪು ಮತ್ತೆ ನಡೆದರೆ, ಅದು ಎರಡನೆಯ ಸಲದ್ದು ಎಂದು ಎಣಿಕೆಯಾಗುತ್ತದೆ. ಹೆಲ್ಮೆಟ್ಟಿನ ವಿಷಯದಲ್ಲಂತೂ 194ಡಿ ಕಲಂ ಮೂರು ತಿಂಗಳ ಕಾಲ ಲೈಸೆನ್ಸನ್ನು ಅನರ್ಹಗೊಳಿಸುವ ಮಾತನ್ನೂ ಆಡಿದೆ. ಮಾಡದ ತಪ್ಪಿಗೆ ಕಟ್ಟುವುದೆಂದರೆ, ಮಾಡಿದೆನೆಂದು ಬರೆದುಕೊಟ್ಟಂತೆ."

"ಕಟ್ಟದೆ ತಕರಾರು ಮಾಡಿದರೆ?"

"ಮೊದಲು ನೋಟೀಸು ಹೊರಡಿಸಿದ ಕಛೇರಿಗೇ ಬರೆದುಕೊಡಿ. ಕಣ್ಣಿಗೆ ಕಾಣುವ ಇಂಥ ತಪ್ಪನ್ನು ಅವರೇ ಸರಿಪಡಿಸಬಹುದು. ಅಲ್ಲಿ ಬಗೆಹರಿಯದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕಾಗುತ್ತದೆ. ಅಲ್ಲಿ ತಪ್ಪನ್ನು ರುಜುವಾತುಪಡಿಸುವ ಭಾರ ಪೊಲೀಸರದು. ಚಿಕ್ಕ ತಪ್ಪಾದರೆ 208ನೆಯ ಕಲಂ ಪ್ರಕಾರ, ಸಮನ್ಸು ಬಂದ ಮೇಲೂ ತಪ್ಪೊಪ್ಪಿಗೆಯ ಪತ್ರವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿ, ಹಣವನ್ನೂ ಸಲ್ಲಿಸಿ ಮುಗಿಸಿಕೊಳ್ಳಬಹುದು. 1939ರ ಹಳೆಯ ಕಾಯಿದೆಯಲ್ಲಿಯೇ ಈ ಅನುಕೂಲವಿತ್ತು. ಇನ್ನೊಂದು ಮಾತು: ವಾಹನ ನಮ್ಮದೇ ಆಗಿ, ನಡೆಸಿದವರು ಬೇರೆಯವರಾಗಿದ್ದರೆ, ಪೊಲೀಸರು ಕೇಳಿದಾಗ ಚಾಲಕನ ಹೆಸರು ವಿಳಾಸಗಳನ್ನು ತಿಳಿಸುವುದು 133ನೆಯ ಕಲಂ ಪ್ರಕಾರ ಮಾಲೀಕನ ಕರ್ತವ್ಯ."

ನಾನು ಮೆಲ್ಲಗೆ ಎರಡನೆಯ ಚಿತ್ರವನ್ನು ಮುಂದಿಟ್ಟೆ. ಅವರು ದಿನಾಂಕವನ್ನು ನೋಡಿ ನಕ್ಕರು.

"ಇದಕ್ಕೂ ಒಂದು ದಾರಿಯಿದೆ. ನೋಟೀಸು 15 ದಿನಗಳೊಳಗಾಗಿ ಹೊರಡಬೇಕೆಂದು 167ಎ ನಿಯಮ ಹೇಳುತ್ತದೆ. ಮೂರು ವಾರವಾದರೂ ನಿಮಗೆ ಕಾಗದ ಮುಟ್ಟಿಲ್ಲ. ಆ ವಾದವನ್ನು ಹೂಡಬಹುದು. ಆದರೆ ಗೆಲ್ಲುತ್ತೀರೆಂದು ಆಣೆ ಇಡಲಾರೆ. ಕೆಂಪು ದೀಪವನ್ನು ದಾಟುವುದನ್ನು ಅದೇ 2019ರ ತಿದ್ದುಪಡಿ ಅಪಾಯಕಾರಿ ಚಾಲನೆಯ ಪಟ್ಟಿಗೂ ಸೇರಿಸಿದೆ. ಆ ಕಲಂ ಹಚ್ಚಿದರೆ ದಂಡವೇ ಒಂದು ಸಾವಿರದಿಂದ ಐದು ಸಾವಿರದವರೆಗೆ."

ವಾಚಕರಿಗೆ ಇಲ್ಲಿ ಒಂದು ಸೂಚನೆ. ಇದು 2022ರ ಮಾತು. ಇಂಥ ವಾಯಿದೆಗಳನ್ನು ಸರ್ಕಾರ ಆಗಾಗ ತಿದ್ದುತ್ತಿರುತ್ತದೆ. ನಿಮ್ಮ ನೋಟೀಸಿನ ದಿನ ಯಾವುದು ಜಾರಿಯಲ್ಲಿತ್ತೆಂಬುದನ್ನು ನೋಡಿಕೊಂಡೇ ಹೆಜ್ಜೆಯಿಡಬೇಕು. ಗಡುವು ಮೀರಲಂತೂ ಬಿಡಬಾರದು.

ನನಗೆ ಆಗ ಆಸೆ ಹುಟ್ಟಿದ್ದು ನಿಜ. ಒಂದನ್ನು ಸತ್ಯದ ಬಲದಿಂದ ಗೆದ್ದು, ಇನ್ನೊಂದನ್ನು ದಿನಾಂಕದ ಬಲದಿಂದ ಗೆದ್ದರೆ ಎಷ್ಟು ಚೆನ್ನ! ದೊಡ್ಡ ದೊಡ್ಡ ಮೊಕದ್ದಮೆಗಳನ್ನೇ ಜನ ವಾಯಿದೆಯ ಮೇಲೆ ಗೆಲ್ಲುತ್ತಾರಲ್ಲವೇ? ಕಾನೂನು ಕೊಟ್ಟ ರಕ್ಷಣೆಯನ್ನು ಪಡೆಯುವುದು ಪಾಪವೇನೂ ಅಲ್ಲ.

ದಾರಿಯಲ್ಲಿ ಮೊಮ್ಮಗಳು ಕೇಳಿದಳು: "ತಾತ, ನಾವು ಕೆಂಪಿನಲ್ಲಿ ದಾಟಿದ್ದು ಹೌದು ತಾನೇ?"

"ಹೌದಮ್ಮ."

"ಮತ್ತೆ, ಕಾಗದದಲ್ಲಿ ಏನೆಂದು ಬರೆಯುತ್ತೀರಿ?"

ಅದೇ ಪ್ರಶ್ನೆ! ಮೊದಲನೆಯ ನೋಟೀಸಿಗೆ ಉತ್ತರ ಬರೆಯುವುದು ಸುಲಭ: 'ಈ ವಾಹನ ನನ್ನದಲ್ಲ.' ಎರಡನೆಯದಕ್ಕೆ ಏನನ್ನು ಬರೆದರೂ, 'ನಾನು ದಾಟಲಿಲ್ಲ' ಎಂಬ ಒಂದು ವಾಕ್ಯವನ್ನು ಮಾತ್ರ ಬರೆಯುವಂತಿರಲಿಲ್ಲ. ಹಳದಿ ದೀಪವೆಂದರೆ ಬೇಗ ನುಗ್ಗು ಎಂದರ್ಥವಲ್ಲ. ಸುರಕ್ಷಿತವಾಗಿ ನಿಲ್ಲಲು ಸಾಧ್ಯವಿದ್ದರೆ ನಿಲ್ಲು ಎಂದರ್ಥ. ಆ ಸಂಜೆ ನಾನು ನಿಲ್ಲಬಹುದಾಗಿತ್ತು. ಅಡ್ಡದಾರಿಯಿಂದ ಅಷ್ಟೇ ಅವಸರದವನೊಬ್ಬ ಬಂದಿದ್ದರೆ, ಹಿಂದೆ ಕುಳಿತಿದ್ದ ಈ ಹುಡುಗಿಯ ಗತಿ? ಇನ್ನೊಂದು ತಿಂಗಳಿಗೆ ಅವಳೇ ಸ್ಕೂಟರ್ ಹಿಡಿಯುವವಳು. ನಾನು ಬರೆಯುವ ಕಾಗದವೇ ಅವಳಿಗೆ ಮೊದಲ ಪಾಠ.

ಕಛೇರಿಯಲ್ಲಿ

ಮಾರನೆಯ ದಿನ ಅರ್ಧ ಪುಟದ ಅರ್ಜಿಯೊಂದನ್ನು ಬರೆದೆ. ನೋಟೀಸಿನ ಸಂಖ್ಯೆ, ದಿನಾಂಕ, ಚಿತ್ರದಲ್ಲಿರುವುದು ಮೋಟಾರ್ ಸೈಕಲ್ ಎಂಬುದು, ಕೊನೆಯ ಅಂಕಿ 8 ಎಂಬುದು, ಇಷ್ಟೇ. ಯಾರನ್ನೂ ಬಯ್ಯಲಿಲ್ಲ, ಮೂವತ್ತನಾಲ್ಕು ವರ್ಷದ ನೌಕರಿಯ ಪ್ರಸ್ತಾಪ ಮಾಡಲಿಲ್ಲ. ನೋಂದಣಿ ಪತ್ರದ ನಕಲನ್ನೂ, ಸಂಖ್ಯೆ ಕಾಣುವಂತೆ ತೆಗೆದ ನಮ್ಮ ಸ್ಕೂಟರಿನ ಚಿತ್ರವನ್ನೂ ಲಗತ್ತಿಸಿದೆ.

ಕಛೇರಿಯಲ್ಲಿ ಒಂದೂವರೆ ಗಂಟೆ ಕಾಯಬೇಕಾಯಿತು. ಮೇಜಿನ ಹಿಂದಿದ್ದವರು ಚಿತ್ರವನ್ನು ದೊಡ್ಡದು ಮಾಡಿ ನೋಡಿ, "ಅಂಕಿ ತಪ್ಪಾಗಿ ಓದಿದೆ" ಎಂದು ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಟ್ಟರು. ಅನಂತರ ಪರದೆಯನ್ನೇ ನೋಡುತ್ತ, "ಇನ್ನೊಂದು ಇದೆಯಲ್ಲ, ಅದಕ್ಕೂ ಅರ್ಜಿಯೇ?" ಎಂದರು.

"ಇಲ್ಲ, ಅದು ನಮ್ಮದೇ" ಎಂದು 500 ರೂಪಾಯಿಯನ್ನು ಕಟ್ಟಿ ರಸೀದಿ ಪಡೆದೆ. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ಆ ರಸೀದಿಯನ್ನು ತಾನೇ ಮಡಿಚಿ ಚೀಲಕ್ಕೆ ಹಾಕಿಕೊಂಡಳು.

ಹದಿನೈದು ದಿನಗಳ ಮೇಲೆ ಇನ್ನೊಮ್ಮೆ ಹೋಗಿ ವಿಚಾರಿಸಿದೆ. ಮೊದಲನೆಯ ನೋಟೀಸು ರದ್ದಾಗಿತ್ತು. ಆಟೋ, ನಕಲು ಎಲ್ಲ ಸೇರಿ ನನಗಾದ ಖರ್ಚು 310 ರೂಪಾಯಿ ಮತ್ತು ಎರಡು ಹಗಲು. ಮನೆಯಾಕೆಯ ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇತ್ತೆಂದು ಒಪ್ಪಲೇಬೇಕು. ದಿನಗೂಲಿಯವನಿಗೆ ಆ ಎರಡು ಹಗಲಿನ ಬೆಲೆ ದಂಡಕ್ಕಿಂತ ಹೆಚ್ಚು. ಅಂಥವನು ಹಲ್ಲು ಕಚ್ಚಿ ಕಟ್ಟಿಬಿಟ್ಟರೆ ಅವನನ್ನು ಹಳಿಯಲು ನಾನು ಸಿದ್ಧನಿಲ್ಲ. ಆದರೆ ಬಿಡುವಿರುವ ನಮ್ಮಂಥವರೂ ಕೇಳದಿದ್ದರೆ, ಯಂತ್ರ ಎಂಟನ್ನು ಮೂರೆಂದು ಓದುತ್ತಲೇ ಇರುತ್ತದೆ. ತಿದ್ದುವವರಿಗೆ ಅದು ಗೊತ್ತಾಗುವುದೇ ಇಲ್ಲ.

ರಾಯರ ಲೆಕ್ಕ

ಕಥೆ ಇಲ್ಲಿಗೆ ಮುಗಿಯಲಿಲ್ಲ. 2023ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ, ಬಾಕಿಯಿರುವ ಸಂಚಾರ ದಂಡಗಳಿಗೆ ಅರ್ಧದಷ್ಟು ರಿಯಾಯಿತಿ ಸಾರಿತು. ಜನ ಠಾಣೆಗಳ ಮುಂದೆ ಸಾಲುಗಟ್ಟಿ ನಿಂತರು. ಬೆಂಗಳೂರೊಂದರಲ್ಲಿಯೇ ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮಿಗಿಲಾದ ಹಣ ಸಂದಾಯವಾಯಿತು. 2025ರ ಆಗಸ್ಟ್‌ನಲ್ಲಿಯೂ ಅಂಥದೇ ರಿಯಾಯಿತಿ ಬಂದಿತು.

ಮೊದಲ ಸಲದ ರಿಯಾಯಿತಿಯಲ್ಲಿಯೇ ನಮ್ಮ ರಾಯರು ಆರೂ ನೋಟೀಸುಗಳನ್ನು ಮುಗಿಸಿ ಬಂದು, ನಗುನಗುತ್ತ ನಮ್ಮ ಜಗುಲಿಯ ಮೇಲೆ ಕುಳಿತರು.

"ನೋಡಿದಿರಾ? ನೀವು ಐನೂರು ಕೊಟ್ಟಿರಿ. ನಾನು ಕಾದೆ, ಅರ್ಧಕ್ಕೇ ಮುಗಿಯಿತು."

ಲೆಕ್ಕದಲ್ಲಿ ಅವರಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಆ ಎಂಟು ತಿಂಗಳೂ ಅವರು ಮುಂದೆ ಖಾಕಿ ಕಂಡಲ್ಲೆಲ್ಲ ಕಾರನ್ನು ಗಲ್ಲಿಗೆ ತಿರುಗಿಸುತ್ತಿದ್ದುದನ್ನು ನಾನು ಬಲ್ಲೆ. ಒಮ್ಮೆ ಅವರ ಜೊತೆಯಲ್ಲಿ ಮದುವೆಗೆ ಹೊರಟವನು, ಹೀಗೆ ಗಲ್ಲಿ ಸುತ್ತಿ ಮುಹೂರ್ತ ಕಳೆದ ಮೇಲೆ ತಲುಪಿದ್ದೆ. ಆ ಪೆಟ್ರೋಲಿನ ಲೆಕ್ಕವನ್ನು ಅವರೂ ಇಟ್ಟಿಲ್ಲ, ನಾನೂ ಕೇಳಲಿಲ್ಲ.

ಈಗ ನಮ್ಮ ಮನೆಯ ಸ್ಕೂಟರನ್ನು ನಡೆಸುವವಳು ಮೊಮ್ಮಗಳು. ಹಿಂದೆ ಹೆಲ್ಮೆಟ್ ಧರಿಸಿ ಕುಳಿತುಕೊಳ್ಳುವವನು ನಾನು. ಮೊನ್ನೆ ಅದೇ ವೃತ್ತದಲ್ಲಿ ಹಳದಿ ದೀಪ ಬಂದೊಡನೆಯೇ ಅವಳು ಗೆರೆಯ ಹಿಂದೆ ನಿಲ್ಲಿಸಿದಳು. ಹಿಂದಿದ್ದ ಕಾರಿನವನು ಹಾರನ್ ಬಾರಿಸಿದ, ಮತ್ತೂ ಬಾರಿಸಿದ. ನನಗೆ ವೈದ್ಯರಲ್ಲಿಗೆ ಹೊತ್ತಾಗುತ್ತಿತ್ತು. "ಹೋಗಬಹುದಾಗಿತ್ತೇನೋ" ಎಂದೆ.

"ಹೋಗಬಹುದಾಗಿತ್ತು ತಾತ" ಎಂದು ಅವಳು ಕಾಲನ್ನು ನೆಲಕ್ಕೂರಿ, ಹಸಿರು ದೀಪ ಬರುವವರೆಗೆ ಹಾಗೆಯೇ ನಿಂತಿದ್ದಳು.