ಗೋಡೆಯೊಳಗಿನ ಜೇನನ್ನು ಪೆಟ್ಟಿಗೆಗೆ ಇಳಿಸುವುದು

ಗೋಡೆಯೊಳಗೆ ಜೇನು ಸೇರಿಕೊಂಡಿದೆ ಎಂದು ಗೊತ್ತಾದ ಕೂಡಲೇ ಓಣಿಯವರು ಕೊಡುವ ಸಲಹೆ ಎರಡೇ: ಬೆಂಕಿ ತೋರಿಸಿ ಓಡಿಸಿ, ಇಲ್ಲವೇ ಔಷಧಿ ಹೊಡೆದು ತೂತು ಮುಚ್ಚಿ. ಸಂಜೆ ಜಿರಲೆ ಸ್ಪ್ರೇ ಹೊಡೆದು ಸಿಮೆಂಟು ಮೆತ್ತಿದರೆ ಬೆಳಗಾಗುವಷ್ಟರಲ್ಲಿ ಸದ್ದು ಅಡಗುತ್ತದೆ, ನಿಜ. ಪಜೀತಿ ಶುರುವಾಗುವುದು ಆಮೇಲೆ. ಹುಳ ಸತ್ತರೂ ತುಪ್ಪ, ಮೇಣ, ಸಾವಿರಾರು ಮರಿಗಳು ಗೋಡೆಯೊಳಗೇ ಉಳಿದಿರುತ್ತವೆ. ಬದುಕಿರುವ ಜೇನು ಕುಟುಂಬ ಮರಿಗಳಿರುವ ಜಾಗವನ್ನು 34ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಪಾಡಿಕೊಳ್ಳುತ್ತದೆ. ಹೊರಗೆ ಬಿಸಿಲು ಏರಿದರೆ ನೀರು ಹೊತ್ತು ತಂದು, ರೆಕ್ಕೆ ಬೀಸಿ ತಂಪು ಮಾಡುತ್ತದೆ. ಗಾಳಿ ಹಾಕುವ ಹುಳಗಳೇ ಸತ್ತ ಮೇಲೆ ತಂಪು ಮಾಡುವವರು ಯಾರು? ಜೇನುಮೇಣ ಪೂರ್ತಿ ಕರಗಲು 62–64 ಡಿಗ್ರಿ ಬೇಕಾದರೂ, ಅದಕ್ಕಿಂತ ಬಹಳ ಮುಂಚೆಯೇ ಮೆತ್ತಗಾಗಿ ತುಪ್ಪದ ಭಾರಕ್ಕೆ ಜಗ್ಗಿ ಕಳಚಿ ಬೀಳುತ್ತದೆ. ಏಪ್ರಿಲ್ ತಿಂಗಳಲ್ಲಿ ದಾವಣಗೆರೆ ಜಿಲ್ಲೆಯ ಜಗಳೂರಿನ ಪಡುವಣ ಗೋಡೆ ಎಷ್ಟು ಕಾಯುತ್ತದೆಂದು ಅಲ್ಲಿನವರಿಗೆ ಹೇಳಬೇಕಾಗಿಲ್ಲ. ಸುಣ್ಣದ ಮೇಲೆ ಕಂದು ಕಲೆ ಇಳಿಯುತ್ತದೆ, ಕೊಳೆತ ಮರಿಯ ನಾತ ಬರುತ್ತದೆ, ಇರುವೆ ಸಾಲುಗಟ್ಟುತ್ತದೆ, ಮೇಣ ತಿನ್ನುವ ಪತಂಗ ಮೊಟ್ಟೆ ಇಡುತ್ತದೆ. ತೂತು ಎಲ್ಲಾದರೂ ಬಾಯಿ ಬಿಟ್ಟರೆ ಅಕ್ಕಪಕ್ಕದ ಜೇನುಗಳು ಆ ವಿಷದ ತುಪ್ಪವನ್ನೇ ಕದ್ದು ತಮ್ಮ ಗೂಡಿಗೆ ಒಯ್ಯುತ್ತವೆ.

ಹಾಗಾಗಿ ತೆಗೆಯಬೇಕಾದದ್ದು ಎರಿ, ಅಂದರೆ ತುಪ್ಪ, ಮರಿ ತುಂಬಿದ ಮೇಣದ ತಟ್ಟಿ. ಎರಿ ಮತ್ತು ರಾಣಿ ಎಲ್ಲಿಗೆ ಹೋದರೆ ಹುಳ ಅಲ್ಲಿಗೆ ಹೋಗುತ್ತದೆ. ಕೆಲಸದ ಗುಟ್ಟೆಲ್ಲ ಇಷ್ಟೇ.

ಮೊದಲು ಅದು ಯಾವ ಜೇನು ಎಂದು ನೋಡಿಕೊಳ್ಳಬೇಕು. ಹೆಜ್ಜೇನು ಗೋಡೆಯೊಳಗೆ ಕೂರುವುದಿಲ್ಲ. ನೀರಿನ ಟ್ಯಾಂಕಿನ ಅಡಿಗೆ, ಸಜ್ಜದ ಕೆಳಗೆ, ದೊಡ್ಡ ಮರದ ಕೊಂಬೆಗೆ ಬಯಲಲ್ಲೇ ಒಂದೇ ದೊಡ್ಡ ತಟ್ಟಿಯಾಗಿ ನೇತಾಡುತ್ತದೆ. ಅದರ ತಂಟೆಗೆ ಹೋಗಲೇಬಾರದು. ಋತು ಕಳೆದರೆ ತಾನೇ ಎದ್ದು ಹೋಗುವ ಜಾತಿ ಅದು. ಶಾಲೆ, ಆಸ್ಪತ್ರೆಯಂಥ ಕಡೆ ಕೂತು ಅಪಾಯವಾಗಿದ್ದರೆ ಅಗ್ನಿಶಾಮಕ ದಳಕ್ಕೆ ತಿಳಿಸಿ. ಕೋಲ್ಜೇನು ಬೇಲಿಯ ಕಡ್ಡಿಗೆ ಅಂಗೈಯಗಲದ ತಟ್ಟಿ ಕಟ್ಟುತ್ತದೆ, ಅದೂ ಬಯಲಲ್ಲೇ. ಗೋಡೆ ಸೇರುವವು ಎರಡು. ಮಿಸರಿ, ಮುಜಂಟಿ, ನಸರಿ ಎಂದೆಲ್ಲ ಕರೆಯುವ ಸೊಳ್ಳೆಗಾತ್ರದ ಕಪ್ಪು ಜೇನು ಒಂದು. ಇದು ಗೋಡೆಯಿಂದ ಅಂಟಿನ ಸಣ್ಣ ಕೊಳವೆಯನ್ನು ಹೊರಗೆ ಚಾಚಿರುತ್ತದೆ, ಚುಚ್ಚುವ ಮುಳ್ಳೇ ಇಲ್ಲ. ಇದನ್ನು ತೆಗೆಸಲು ಹಣ ಖರ್ಚು ಮಾಡುವುದು ದಂಡ, ಇರಲಿ ಬಿಡಿ. ಇನ್ನೊಂದು ತುಡುವೆ. ಹೊಟ್ಟೆಯ ಮೇಲೆ ಪಟ್ಟೆಗಳಿರುವ, ಕತ್ತಲೆಯ ಪೊಟರೆಯಲ್ಲಿ ಒಂದರ ಪಕ್ಕ ಒಂದರಂತೆ ಐದಾರು ಎರಿ ಇಳಿಬಿಡುವ ಜೇನು. ಪೆಟ್ಟಿಗೆಯಲ್ಲಿ ಸಾಕುವುದೂ ಇದನ್ನೇ. ಪೆಟ್ಟಿಗೆಗೆಂದು ಹೊರಗಿನಿಂದ ತಂದ ಮೆಲ್ಲಿಫೆರಾ ಎಂಬ ದೊಡ್ಡ ಜಾತಿಯೂ ಇದೆ. ಅದು ಕಾಡುಬಿದ್ದು ಗೋಡೆ ಸೇರುವುದು ಅಪರೂಪ. ಅನುಮಾನ ಬಂದರೆ ಮಧ್ಯಾಹ್ನದ ಬಿಸಿಲಲ್ಲಿ ಗೂಡಿನ ಬಾಗಿಲಲ್ಲಿ ನಿಂತು ರೆಕ್ಕೆ ಬೀಸುವ ಹುಳವನ್ನು ಗಮನಿಸಿ. ತುಡುವೆಯದು ತಲೆ ಹೊರಗೆ, ಬಾಲ ಒಳಗೆ. ಮೆಲ್ಲಿಫೆರಾ ತಿರುವುಮುರುವು.

ಇನ್ನು ಎರಿ ಗೋಡೆಯಲ್ಲಿ ಎಲ್ಲಿದೆ ಎಂದು ಹುಡುಕಬೇಕು; ಅದು ಮನೆ ಕಟ್ಟಿದ ರೀತಿಯ ಮೇಲಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕುಗಳು ದಾವಣಗೆರೆ ಜಿಲ್ಲೆಯವೇ ಆದರೂ ಗೋಡೆಯ ಲೆಕ್ಕದಲ್ಲಿ ಒಂದಲ್ಲ. 1997ರಲ್ಲಿ ಜಿಲ್ಲೆ ಹುಟ್ಟುವ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾಲ್ಲೂಕಾದದ್ದು ತೀರಾ ಈಚೆಗೆ. ಮನೆ ಕಟ್ಟುವ ರೀತಿಯಲ್ಲಿ ಆ ಹಳೆಯ ಗಡಿ ಇನ್ನೂ ಕಾಣುತ್ತದೆ. ಜಗಳೂರು ಸೀಮೆಯ ಹಳೆಯ ಮಾಳಿಗೆ ಮನೆಗಳದು ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ಜಂತೆ, ತೊಲೆ. ಮಣ್ಣು ಉದುರಿ ಕಲ್ಲಿನ ನಡುವೆ ಪೊಳ್ಳಾದ ಜಾಗ ಜೇನಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಸುತ್ತ ಮರದ ಪೊಟರೆ ಕಡಿಮೆಯಿರುವ ಬಯಲಲ್ಲಂತೂ ಗೋಡೆಯೇ ಮರ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಹೆಂಚಿನ ಮನೆಗಳಲ್ಲಿ ಅಟ್ಟದ ಮೂಲೆ, ಮುಚ್ಚಿಹಾಕಿದ ಕಿಟಕಿ, ಬಚ್ಚಲ ಗೂಡು, ಕೊಟ್ಟಿಗೆಯ ಹಿಂಗೋಡೆ ನೋಡಬೇಕು. ಪೇಟೆಯ ಹೊಸ ಮನೆಯಲ್ಲಾದರೆ ಪೊಳ್ಳು ಸಿಮೆಂಟು ಬ್ಲಾಕು, ಮೀಟರ್ ಬೋರ್ಡಿನ ಹಿಂದು, ಅಂಗಡಿ ಶಟರ್ ಸುತ್ತಿಕೊಳ್ಳುವ ಡಬ್ಬಿ. ಹುಳ ಒಳಹೋಗುವ ತೂತು ಒಂದು ಕಡೆ, ಎರಿ ಎರಡು ಮೊಳ ಆಚೆ ಇರುವುದುಂಟು. ಮುಸ್ಸಂಜೆ ಗೋಡೆಗೆ ಕಿವಿಯಿಟ್ಟು ಬೆರಳಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ, ಎರಿಯಿರುವ ಕಡೆ ಒಂದು ಕ್ಷಣ ಗುಂಯ್ ಎಂದು ಸದ್ದೇರಿ ಇಳಿಯುತ್ತದೆ. ಚಳಿಗಾಲದ ಬೆಳಗಿನ ಜಾವ ಅಂಗೈ ಆಡಿಸಿದರೆ ಆ ಜಾಗ ಬೆಚ್ಚಗಿರುತ್ತದೆ. ಅಲ್ಲಿಗೆ ಸೀಮೆಸುಣ್ಣದ ಗೆರೆ ಹಾಕಿಕೊಳ್ಳಿ.

ಇಳಿಸುವ ಕಾಲವೂ ಮುಖ್ಯ. ಹೊಂಗೆ, ಬೇವು, ಸೂರ್ಯಕಾಂತಿ ಏನಾದರೊಂದು ಹೂವಿರುವಾಗ ಇಳಿಸಿದರೆ ಕುಟುಂಬ ಹೊಸ ಪೆಟ್ಟಿಗೆಯಲ್ಲಿ ನೆಲೆ ನಿಲ್ಲುತ್ತದೆ. ಜಡಿಮಳೆಯಲ್ಲಿ, ಹೂವಿಲ್ಲದ ಬೇಸಗೆಯ ಕೊನೆಯಲ್ಲಿ ಕೆಣಕಿದರೆ ಎರಡೇ ದಿನಕ್ಕೆ ಪರಾರಿ. ಯಾರಿಗೂ ತೊಂದರೆ ಕೊಡದೆ ಎತ್ತರದಲ್ಲಿ ಕೂತಿದ್ದರೆ ಒಳ್ಳೆಯ ತಿಂಗಳು ಬರುವವರೆಗೆ ಕಾಯುವುದೇ ಸರಿ. ದಿನದಲ್ಲಿ ಸಂಜೆ ನಾಲ್ಕರ ಹೊತ್ತು ಅನುಕೂಲ: ಬಿಸಿಲು ತಗ್ಗಿರುತ್ತದೆ, ಮೇಣ ಗಟ್ಟಿಯಾಗಿರುತ್ತದೆ, ಕೆಲಸ ಮುಗಿಯುವ ಹೊತ್ತಿಗೆ ಹೊರಗೆ ಹೋದ ಹುಳವೆಲ್ಲ ಮನೆ ಸೇರಿರುತ್ತದೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಮುಖಪರದೆ, ತಿಳಿಬಣ್ಣದ ತುಂಬುತೋಳಿನ ಅಂಗಿ, ಹೊಗೆತಿದಿ, ಉದ್ದನೆಯ ಚಾಕು, ಚಾಣ, ಸುತ್ತಿಗೆ, ಮುಚ್ಚಳವಿರುವ ಪಾತ್ರೆ, ಒಂದು ಬಕೆಟ್ ನೀರು, ನೆನೆಸಿದ ಬಾಳೆನಾರು, ಚೌಕಟ್ಟುಗಳಿರುವ ಖಾಲಿ ಜೇನುಪೆಟ್ಟಿಗೆ. ದಕ್ಷಿಣದಲ್ಲಿ ತುಡುವೆಗೆ ಹೆಚ್ಚಾಗಿ ಬಳಸುವ ಸಣ್ಣ ಪೆಟ್ಟಿಗೆಗೆ ನ್ಯೂಟನ್ ಪೆಟ್ಟಿಗೆ ಎಂದೇ ಹೆಸರು. 1910ರ ದಶಕದಲ್ಲಿ ತಿರುಚಿರಾಪಳ್ಳಿ ಕಡೆ ಜೇನು ಸಾಕಣೆ ಕಲಿಸುತ್ತಿದ್ದ ಪಾದ್ರಿ ನ್ಯೂಟನ್ ರೂಪಿಸಿದ್ದು. ಹೊಗೆಗೆ ಚನ್ನಗಿರಿಯವರಿಗೆ ಅಡಿಕೆ ಸಿಪ್ಪೆಯೇ ಇದೆ. ಉಳಿದವರಿಗೆ ತೆಂಗಿನ ನಾರು, ಹಳೆಯ ಗೋಣಿಚೀಲ ಸಾಕು. ಪ್ಲಾಸ್ಟಿಕ್ ಚೀಲ, ಸೀಮೆಎಣ್ಣೆ ಬೇಡ. ಮೀಟರ್ ಬೋರ್ಡಿನ ಆಸುಪಾಸಾದರೆ ಮೊದಲು ಮೇನ್ ಸ್ವಿಚ್ ಇಳಿಸಿ. ತೊಲೆ ಕೂತ ಜಾಗದ ಅಡಿಗೆ, ಬಾಗಿಲ ಮೇಲಿನ ಕಲ್ಲಿಗೆ ಚಾಣ ಹಾಕುವ ಮುಂಚೆ ಗಾರೆಯವರನ್ನು ಕೇಳಿ. ಜೇನಿನ ಆಸೆಗೆ ಮಾಳಿಗೆ ಕುಸಿಯಬಾರದು.

ತೂತಿನ ಬಾಯಿಗೆ ಎರಡು ಮೂರು ಸಲ ತೆಳುವಾಗಿ ಹೊಗೆ ಕೊಟ್ಟು ಸ್ವಲ್ಪ ಹೊತ್ತು ಸುಮ್ಮನಿರಬೇಕು. ಚುಚ್ಚಿದ ಹುಳ ಬಿಡುವ ಎಚ್ಚರಿಕೆಯ ವಾಸನೆ ಮಾಗಿದ ಬಾಳೆಹಣ್ಣಿನ ಹಾಗಿರುತ್ತದೆ. ಹೊಗೆ ಅದನ್ನು ಮುಚ್ಚುತ್ತದೆ. ಹೆಚ್ಚು ಹೊಗೆ ತುಂಬಿದರೆ ಮಾತ್ರ ತುಡುವೆ ಗಾಬರಿಬಿದ್ದು ಎರಿ ಬಿಟ್ಟು ಗೋಡೆಯ ಆಳಕ್ಕೆ ಓಡುತ್ತದೆ, ರಾಣಿಯೂ ಅದರ ಜೊತೆಗೆ. ಆಮೇಲೆ ಹುಡುಕಾಟ ಕಷ್ಟ. ಗುರುತು ಹಾಕಿದ ಕಡೆ ಗಿಲಾವು ಕೆರೆದು, ಒಂದೊಂದೇ ಕಲ್ಲು ಅಥವಾ ಇಟ್ಟಿಗೆಯನ್ನು ಅಲುಗಿಸಿ ತೆಗೆಯುತ್ತ ಹೋಗಿ. ಎರಿಯ ಅಗಲ ಪೂರ್ತಿ ಕಾಣುವಷ್ಟು ಕಿಂಡಿ ಆಗಬೇಕು. ಸಣ್ಣ ಕಿಂಡಿಯಿಂದ ಕೈಹಾಕಿ ಕಿತ್ತರೆ ಎಲ್ಲವೂ ಹಿಚುಕಿ ಹೋಗುತ್ತದೆ.

ಎರಿಗಳು ಮೇಲ್ಗಡೆ ಅಂಟಿ ಕೆಳಗೆ ಇಳಿಬಿದ್ದಿರುತ್ತವೆ. ಅಂಚಿನ ಎರಿಗಳಲ್ಲಿ, ಪ್ರತಿ ಎರಿಯ ನೆತ್ತಿಯಲ್ಲಿ ತುಪ್ಪ. ಅದರ ಕೆಳಗೆ ಪರಾಗದ ಬಣ್ಣಬಣ್ಣದ ಪಟ್ಟಿ. ನಡುವೆ ಮೊಟ್ಟೆ, ಮರಿ, ಮುಚ್ಚಳ ಹಾಕಿದ ಕೋಶಗಳು. ಹೊರಗಿನ ಎರಿಯಿಂದ ಶುರುಮಾಡಿ. ಒಂದು ಅಂಗೈ ಅಡಿಗೆ ಕೊಟ್ಟು, ಇನ್ನೊಂದು ಕೈಯಿಂದ ನೆತ್ತಿಯಲ್ಲಿ ಕೊಯ್ದು, ನಿಂತ ನಿಲುವಿನಲ್ಲೇ ಹೊರಗೆ ತರಬೇಕು. ಹೊಸ ಎರಿಯನ್ನು ಅಡ್ಡ ಮಲಗಿಸಿದರೆ ಅದರ ಭಾರಕ್ಕೆ ಅದೇ ಮುರಿಯುತ್ತದೆ. ತುಪ್ಪದ ಭಾಗವನ್ನು ಕತ್ತರಿಸಿ ಪಾತ್ರೆಗೆ ಹಾಕಿ ತಕ್ಷಣ ಮುಚ್ಚಿ. ಸುರಿದ ತುಪ್ಪ ಊರಿನ ಜೇನನ್ನೆಲ್ಲ ಕಳ್ಳತನಕ್ಕೆ ಕರೆಯುತ್ತದೆ. ಮರಿ ಇರುವ ಭಾಗವನ್ನು ಚೌಕಟ್ಟಿನ ಅಳತೆಗೆ ಕತ್ತರಿಸಿ, ಮೇಲಿನ ಪಟ್ಟಿಗೆ ತಾಗುವಂತೆ ಕೂರಿಸಿ, ಬಾಳೆನಾರಿನಿಂದ ಎರಡು ಕಡೆ ಸುತ್ತಿ ಕಟ್ಟಿ. ಗೋಡೆಯಲ್ಲಿ ಮೇಲಿದ್ದ ತುದಿ ಇಲ್ಲೂ ಮೇಲೆಯೇ ಇರಬೇಕು; ಕೋಶಗಳು ಬಾಯಿಯ ಕಡೆ ಸ್ವಲ್ಪ ಮೇಲಕ್ಕೆ ಓರೆಯಾಗಿರುತ್ತವೆ, ತಲೆಕೆಳಗಾದರೆ ಆ ಓರೆ ಕೆಡುತ್ತದೆ. ಕೆಲವೇ ದಿನಗಳಲ್ಲಿ ಹುಳಗಳು ಎರಿಯನ್ನು ಮೇಣದಿಂದ ಪಟ್ಟಿಗೆ ಬೆಸೆದುಕೊಳ್ಳುತ್ತವೆ, ಆಮೇಲೆ ನಾರನ್ನು ಕಡಿದು ತುಂಡುತುಂಡಾಗಿ ಬಾಗಿಲಾಚೆ ಎಸೆಯುತ್ತವೆ. ಕೆಲಸ ಸರಿಯಾಗಿದೆ ಎಂಬುದಕ್ಕೆ ಆ ನಾರಿನ ಚೂರೇ ಸಾಕ್ಷಿ. ಎರಡು ಎರಿಯ ನಡುವೆ ಹುಳ ಬೆನ್ನಿಗೆ ಬೆನ್ನು ತಾಗಿಸಿ ಓಡಾಡುವಷ್ಟೇ ಜಾಗ ಬಿಡಬೇಕು. ಈ ಅಂತರದ ಮಹತ್ವವನ್ನು ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಕಂಡುಕೊಂಡದ್ದರಿಂದಲೇ ಎತ್ತಿ ತೆಗೆಯುವ ಚೌಕಟ್ಟಿನ ಪೆಟ್ಟಿಗೆ ಬಂತು.

ಮರಿಯ ಎರಿಯನ್ನು ಕಟ್ಟುವ ಮುಂಚೆ ಒಮ್ಮೆ ಕಣ್ಣಾಡಿಸಿ. ಕೋಶದಲ್ಲಿ ಮರಿಗಳು ನೀರು ತುಂಬಿದ ಚೀಲದಂತಾಗಿ, ತಲೆ ಮೇಲೆತ್ತಿ ಸತ್ತು ಬಿದ್ದಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ವೈರಸ್ಸಿನ ಲಕ್ಷಣ. 1991–92ರ ಸುಮಾರಿಗೆ ಕರ್ನಾಟಕದ ತುಡುವೆ ಸಾಕಣೆಯನ್ನು ನೆಲಕಚ್ಚಿಸಿದ ರೋಗ ಇದೇ. ಮನುಷ್ಯರಿಗೆ ತೊಂದರೆಯಿಲ್ಲ, ಆದರೆ ಅಂಥ ಎರಿಯನ್ನು ಸುಟ್ಟುಬಿಡಿ. ಬೇರೆ ಪೆಟ್ಟಿಗೆಗಳಿರುವ ತೋಟಕ್ಕೆ ಒಯ್ಯಬೇಡಿ.

ಇನ್ನು ರಾಣಿ. ಉಳಿದವಕ್ಕಿಂತ ಉದ್ದ, ಮೈಬಣ್ಣ ಕಪ್ಪು, ನಡಿಗೆ ನಿಧಾನ, ಬೆಳಕು ಕಂಡರೆ ಮರೆಗೆ ಸರಿಯುವ ಸ್ವಭಾವ. ಸಾಮಾನ್ಯವಾಗಿ ಮೊಟ್ಟೆಯಿರುವ ನಡುವಿನ ಎರಿಯ ಮೇಲಿರುತ್ತದೆ. ಸಿಕ್ಕರೆ ತೂತು ಮಾಡಿದ ಬೆಂಕಿಪೊಟ್ಟಣದಲ್ಲಿ ಹಾಕಿ ಚೌಕಟ್ಟಿನ ನಡುವೆ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಸಿಗದಿದ್ದರೆ ಹೆದರಬೇಕಾಗಿಲ್ಲ. ಗೋಡೆಯ ಮೂಲೆಯಲ್ಲಿ ಗೊಂಚಲಾಗಿ ಕೂತ ಹುಳವನ್ನು ತೆಂಗಿನ ಚಿಪ್ಪಿನಿಂದ ಮೊಗೆದು ಮೊಗೆದು ಎರಿಗಳ ಮೇಲೆ ಸುರಿಯುತ್ತ ಬನ್ನಿ, ಪೆಟ್ಟಿಗೆಯ ಬಾಗಿಲು ಹಳೆಯ ತೂತಿನ ಪಕ್ಕಕ್ಕೇ ಇರಲಿ. ಸ್ವಲ್ಪ ಹೊತ್ತಿಗೆ ಬಾಗಿಲ ಬಳಿ ಕೆಲವು ಹುಳ ಬಾಲ ಮೇಲೆತ್ತಿ ರೆಕ್ಕೆ ಬೀಸತೊಡಗಿ, ಗೋಡೆಯ ಮೇಲಿದ್ದವು ಸಾಲುಗಟ್ಟಿ ಒಳಗೆ ನಡೆದರೆ ರಾಣಿ ಪೆಟ್ಟಿಗೆಯಲ್ಲಿದೆ ಎಂದೇ ಅರ್ಥ. ಸುರಿದವೆಲ್ಲ ಮತ್ತೆ ಗೋಡೆಗೇ ವಾಪಸಾದರೆ ಅದು ಇನ್ನೂ ಅಲ್ಲೇ ಇದೆ; ಇನ್ನೊಂದು ಕಲ್ಲು ತೆಗೆಯಿರಿ.

ಚುಚ್ಚಿಸಿಕೊಳ್ಳದೆ ಈ ಕೆಲಸ ಆಗುವುದಿಲ್ಲ. ಮುಳ್ಳನ್ನು ಉಗುರಿನಿಂದ ಆ ಕ್ಷಣವೇ ಕೆರೆದು ತೆಗೆಯಿರಿ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದು ಮುಖ್ಯ. ಆ ಜಾಗದಲ್ಲಿ ಬಾವು, ಉರಿ ಸಹಜ. ಉಸಿರು ಕಟ್ಟುವುದು, ತುಟಿ, ನಾಲಿಗೆ ಊದುವುದು, ಮೈಯೆಲ್ಲ ದದ್ದು, ತಲೆಸುತ್ತು ಕಂಡರೆ ಸುಣ್ಣ, ಅರಿಶಿನ ಹಚ್ಚುತ್ತ ಕೂರದೆ 108ಕ್ಕೆ ಕರೆ ಮಾಡಿ. ಹಿಂದೆ ಹಾಗಾಗಿದ್ದವರು ಅಂದು ಮನೆಯಲ್ಲಿರುವುದೇ ಬೇಡ. ದನಕರುಗಳನ್ನೂ ದೂರ ಕಟ್ಟಿ.

ಕತ್ತಲಾದ ಮೇಲೆ ಪೆಟ್ಟಿಗೆಯ ಬಾಗಿಲಿಗೆ ಸೊಳ್ಳೆಪರದೆಯ ತುಂಡು ಕಟ್ಟಿ ಸಾಗಿಸಿ. ಎಲ್ಲಿಗೆ? ತುಡುವೆ ಮೇವಿಗೆ ಹೆಚ್ಚಾಗಿ ಒಂದು ಕಿಲೋಮೀಟರಿನೊಳಗೇ ಸುತ್ತುತ್ತದೆ. ಹಿತ್ತಲಿಗೆ ಒಯ್ದಿಟ್ಟರೆ ಬೆಳಿಗ್ಗೆ ಅರ್ಧ ಹುಳ ಹಳೆಯ ಗೋಡೆಗೇ ಬಂದು ಮುತ್ತುತ್ತದೆ. ಎರಡು ಕಿಲೋಮೀಟರಾದರೂ ಆಚೆ ಒಯ್ಯಿರಿ. ಬಯಲಿನ ಕುಟುಂಬಕ್ಕೆ ಅಡಿಕೆ, ತೆಂಗಿನ ತೋಟ ಸಿಕ್ಕರೆ ಪರಾಗಕ್ಕೆ ಕೊರತೆಯಿಲ್ಲ. ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ, ಇಲ್ಲವಾದರೆ ಇರುವೆಗೆ ಹೆದರಿ ಹುಳ ಎದ್ದುಬಿಡುತ್ತದೆ. ಒಂದು ವಾರ ಬಾಗಿಲಿಗೆ ರಾಣಿ ಹೊರಹೋಗದಂತೆ ತಡೆಯುವ ರಾಣಿ ಗೇಟು ಹಾಕಿ, ಸಂಜೆ ಹೊತ್ತು ಸಮಸಮ ಸಕ್ಕರೆ, ನೀರಿನ ಪಾಕ ಇಡಿ. ಹೊಸ ಮೊಟ್ಟೆ ಕಂಡರೆ ಗೇಟು ತೆಗೆಯಬಹುದು.

ಗೋಡೆ ಒಡೆಯಲು ಆಗದ ಕಡೆ ತೂತಿಗೆ ತಂತಿಜಾಲರಿಯ ಶಂಕು ಕಟ್ಟಿ, ಹೊರಗೆ ಬಂದ ಹುಳ ಮತ್ತೆ ಒಳಗೆ ಹೋಗದಂತೆ ಮಾಡುವ ವಿಧಾನವೂ ಇದೆ. ತಿಂಗಳಿಗೂ ಮೀರಿ ಕಾಯಬೇಕು, ಏಕೆಂದರೆ ನಿನ್ನೆ ಇಟ್ಟ ಮೊಟ್ಟೆ ಹುಳವಾಗಿ ಹೊರಬರಲು 20 ದಿನ, ಅದು ಮೇವಿಗೆ ಹಾರಲು ಮತ್ತೆರಡು ವಾರ. ರಾಣಿ ಬಹುಮಟ್ಟಿಗೆ ಹೊರಗೆ ಬರುವುದೇ ಇಲ್ಲ, ತುಪ್ಪವೂ ಒಳಗೇ ಉಳಿಯುತ್ತದೆ. ಸ್ಮಾರಕದ ಗೋಡೆ, ದೇವಸ್ಥಾನದ ಕಲ್ಲುಕಟ್ಟಡಕ್ಕೆ ಬಿಟ್ಟರೆ ಮನೆಗೆ ಇದನ್ನು ನಾನು ಹೇಳಲಾರೆ.

ಸಿಕ್ಕ ತುಪ್ಪವನ್ನು ಮರಿ ಸಮೇತ ಹಿಂಡಬೇಡಿ. ಮೇಣದ ಮುಚ್ಚಳ ಬಿದ್ದ ಭಾಗವನ್ನಷ್ಟೇ ಕೊಯ್ದು ಬಟ್ಟೆಯಲ್ಲಿ ಸೋರಲು ಬಿಡಿ; ಮುಚ್ಚಳ ಬೀಳದ್ದು ನೀರಾಗಿದ್ದು ಬೇಗ ಹುಳಿಯುತ್ತದೆ. ಹಿಂದೆ ಯಾರಾದರೂ ಆ ತೂತಿಗೆ ಔಷಧಿ ಹೊಡೆದಿದ್ದರೆ ಅಷ್ಟನ್ನೂ ಹೂಳಿಬಿಡಿ. ವರ್ಷ ತುಂಬದ ಮಗುವಿಗೆ ಯಾವ ಜೇನುತುಪ್ಪವನ್ನೂ ನೆಕ್ಕಿಸಬಾರದು.

ತಾವೇ ಮಾಡಲು ಧೈರ್ಯ ಸಾಲದವರು ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ಅಥವಾ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ಹತ್ತಿರದ ಜೇನು ಸಾಕಣೆದಾರರ ಸುಳಿವು ಸಿಗಬಹುದು. ಮೊದಲ ಸಲವಾದರೂ ಕೈಪಳಗಿದವರನ್ನು ಕರೆಸಿ ಪಕ್ಕದಲ್ಲಿ ನಿಂತು ನೋಡುವುದು ಮೇಲು.

ಕಿಂಡಿಯನ್ನು ಅಂದೇ ರಾತ್ರಿ ಮುಚ್ಚಬಾರದು. ಮೇಣದ ಉಳಿಕೆಯನ್ನೆಲ್ಲ ಕೆರೆದು, ಬಿಸಿನೀರಿನ ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟು, ಪೊಳ್ಳನ್ನು ಇಟ್ಟಿಗೆಚೂರು, ಮಣ್ಣಿನಿಂದ ಗಿಡಿದು ತುಂಬಿ ಆಮೇಲೆ ಗಿಲಾವು ಮಾಡಿಸಿ. ಬರೀ ಮೇಲಿಂದ ಸಿಮೆಂಟು ಹಚ್ಚಿದರೆ ಮುಂದೆ ಜಾಗ ಹುಡುಕಿ ಬರುವ ಜೇನು ಹಿಂಡು ಹಳೆಯ ಮೇಣದ ವಾಸನೆ ಹಿಡಿದು ಪಕ್ಕದ ಬಿರುಕಿನಿಂದ ಮತ್ತೆ ಒಳಸೇರುತ್ತದೆ. ಗಾಳಿಕಿಂಡಿಗಳಿಗೆ ಸೊಳ್ಳೆಪರದೆ ಬಡಿಯಿರಿ. ಕೆರೆದ ಮೇಣವನ್ನು ಬಿಸಾಡಬೇಡಿ. ಖಾಲಿ ಪೆಟ್ಟಿಗೆಯ ಅಥವಾ ಬಾಯಿ ಕಿರಿದಾದ ಹಳೆಯ ಗಡಿಗೆಯ ಒಳಮೈಗೆ ಸವರಿ, ಹಿತ್ತಲ ಮರದ ನೆರಳಿನಲ್ಲಿ ಎರಡಾಳೆತ್ತರಕ್ಕೆ ಕಟ್ಟಿ. ಮುಂದಿನ ಹೂವಿನ ಕಾಲದಲ್ಲಿ ಜಾಗ ಹುಡುಕಿ ಬರುವ ಹುಳಕ್ಕೆ ಗೋಡೆಗಿಂತ ಮೊದಲು ಅದು ಸಿಗುತ್ತದೆ.